ಮರ ನೆಟ್ಟರೆ ಹೊಳೆ ತುಂಬುವುದೇ?

ಕಾಡು ಬೆಳೆದಷ್ಟೂ ಹೊಳೆಯಲ್ಲಿ ನೀರು ಹೆಚ್ಚುತ್ತದೆ ಎಂಬ ನಂಬಿಕೆ ಶಾಲೆಯ ಪಾಠದಿಂದ ವನಮಹೋತ್ಸವದ ಭಾಷಣದವರೆಗೆ ಎಲ್ಲೆಡೆ ಬೇರೂರಿದೆ. ಸರ್ಕಾರಿ ಸಂಶೋಧನಾ ಕೇಂದ್ರಗಳು ದಶಕಗಳ ಕಾಲ ಹಳ್ಳಗಳ ಹರಿವನ್ನು ಅಳೆದು ಕಂಡುಕೊಂಡಿರುವುದಾದರೋ ಇಷ್ಟು ಸರಳವಾಗಿಲ್ಲ: ಮರ ನೀರನ್ನು ಬಳಸುತ್ತದೆ, ಮತ್ತು ಅದು ಬಳಸಿ ಉಳಿದದ್ದು ಯಾವ ಕಾಲದಲ್ಲಿ, ಎಷ್ಟು ನಿಧಾನವಾಗಿ ಹಳ್ಳಕ್ಕೆ ಬಂದು ಸೇರುತ್ತದೆ ಎಂಬುದನ್ನು ಮಣ್ಣು, ಮಳೆ ಮತ್ತು ಮರದ ಜಾತಿ ಕೂಡಿ ನಿರ್ಧರಿಸುತ್ತವೆ.

ಜಲಾನಯನವೆಂದರೆ ತನ್ನ ಮೇಲೆ ಬಿದ್ದು ಹರಿಯುವ ನೀರೆಲ್ಲ ಒಂದೇ ಬಾಯಿಯಿಂದ ಹೊರಹೋಗುವ, ಸುತ್ತಲಿನ ದಿಣ್ಣೆಗಳೇ ಎಲ್ಲೆಯಾಗಿರುವ ಭೂಭಾಗ. ಆ ಬಾಯಿಗೆ ಅಡ್ಡಲಾಗಿ ಸಣ್ಣ ಕಾಂಕ್ರೀಟ್ ಕಟ್ಟೆ ಕಟ್ಟಿ, ಅದರ ನಡುವೆ ಇಂಗ್ಲಿಷಿನ ವಿ ಅಕ್ಷರದಾಕಾರದ ಕಚ್ಚು ಬಿಟ್ಟು, ಕಚ್ಚಿನಲ್ಲಿ ನೀರು ಏರಿಳಿಯುವ ಎತ್ತರವನ್ನು ಹಗಲಿರುಳು ದಾಖಲಿಸಿದರೆ ಹರಿದುಹೋದ ನೀರಿನ ಲೆಕ್ಕ ಸಿಗುತ್ತದೆ. ಆದರೆ ಮಳೆ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಹರಿವು ಕುಗ್ಗಿದ್ದು ಮರದಿಂದಲೋ ಬರದಿಂದಲೋ ಎಂದು ಒಂದೇ ಹಳ್ಳವನ್ನು ನೋಡಿ ಹೇಳಲಾಗದು. ಆದ್ದರಿಂದ ಅಕ್ಕಪಕ್ಕದ, ಒಂದನ್ನೊಂದು ಹೋಲುವ ಎರಡು ಜಲಾನಯನಗಳನ್ನು ಕೆಲವು ವರ್ಷ ಹಾಗೆಯೇ ಅಳೆದು ಅವುಗಳ ಸಂಬಂಧವನ್ನು ಗುರುತಿಸಿಕೊಂಡು, ಅನಂತರ ಒಂದನ್ನು ಮಾತ್ರ ಬದಲಿಸಿ ಇನ್ನೊಂದನ್ನು ಮುಟ್ಟದೆ ಬಿಡುವ ಜೋಡಿ ಜಲಾನಯನ ಪದ್ಧತಿ ರೂಢಿಗೆ ಬಂತು. ಅಮೆರಿಕದ ಅರಣ್ಯ ಇಲಾಖೆ ನಾರ್ತ್ ಕೆರೊಲಿನಾದ ಕೊವೀಟಾದಲ್ಲಿ 1934ರಲ್ಲಿ ಆರಂಭಿಸಿದ ಕೇಂದ್ರ ಇದೇ ಪದ್ಧತಿಯಿಂದ, ಎಲೆಯುದುರುವ ಕಾಡಿನ ಜಾಗದಲ್ಲಿ ಬಿಳಿ ಪೈನ್ ಬೆಳೆಸಿದ 15 ವರ್ಷಗಳ ಬಳಿಕ ವಾರ್ಷಿಕ ಹರಿವು ಶೇಕಡ 20ರಷ್ಟು ತಗ್ಗಿದ್ದನ್ನು ತೋರಿಸಿತು. ಒಬ್ಬ ವಿಜ್ಞಾನಿಯ ಸೇವಾವಧಿಯನ್ನೂ ಮೀರಿ ಸಾಗುವ ಇಂಥ ಅಳತೆ ಮೂರು ವರ್ಷದ ಯೋಜನಾ ಅನುದಾನದಲ್ಲಿ ಮುಗಿಯುವಂಥದ್ದಲ್ಲ. ಅದು ಸರ್ಕಾರದ ಹೆಗಲಿಗೆ ಬಿದ್ದಿರುವುದು ಸಹಜವೇ.

ಭಾರತದಲ್ಲಿ ಈ ಬಗೆಯ ಪ್ರಯೋಗಗಳಲ್ಲಿ ಹೆಸರಾದದ್ದು ಊಟಿಯ ಬಳಿಯ ಗ್ಲೆನ್‌ಮಾರ್ಗನ್‌ನಲ್ಲಿ ಕೇಂದ್ರ ಸರ್ಕಾರದ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧಕರು ನಡೆಸಿದ್ದು. ಹುಲ್ಲುಗಾವಲು ಮತ್ತು ಶೋಲಾ ಕಾಡಿನ, ತಲಾ ಸುಮಾರು 32 ಹೆಕ್ಟೇರ್ ವಿಸ್ತಾರದ ಎರಡು ಜಲಾನಯನಗಳನ್ನು 1968ರಿಂದ ಅಳೆದು, 1972ರಲ್ಲಿ ಒಂದರ ಶೇಕಡ 59 ಭಾಗದಲ್ಲಿ ನೀಲಗಿರಿ ಮರ ನೆಡಲಾಯಿತು. ಮೊದಲ ಹತ್ತು ವರ್ಷಗಳ ಸುತ್ತಿನಲ್ಲಿ ಹಳ್ಳದ ನೀರು ಸರಾಸರಿ ಶೇಕಡ 16ರಷ್ಟು ಕಡಿಮೆಯಾಯಿತು. ಮರ ಕಡಿದ ಮೇಲೆ ಬುಡದಿಂದ ಚಿಗುರಿ ಬೆಳೆದ ಎರಡನೆಯ ಸುತ್ತಿನಲ್ಲಿ ಈ ಇಳಿಕೆ ಶೇಕಡ 25ಕ್ಕೆ ಮುಟ್ಟಿತು. ಆ ಬೆಟ್ಟಗಳ ಹಳ್ಳಗಳು ಜಲವಿದ್ಯುತ್ ಜಲಾಶಯಗಳನ್ನು ತುಂಬುವಂಥವು; ಮಳೆಯಿಲ್ಲದ ತಿಂಗಳುಗಳ ಸಣ್ಣ ಹರಿವು ಕುಗ್ಗಿದ್ದು ಜಲ ನಿರ್ವಹಣೆಯ ದೃಷ್ಟಿಯಿಂದ ಒಟ್ಟು ಇಳಿಕೆಗಿಂತಲೂ ಗಂಭೀರವಾದುದು.

ಹಾಗಾದರೆ ಕಾಡು ಕಡಿದರೆ ನೀರು ಹೆಚ್ಚುತ್ತದೆಯೇ ಎಂಬ ಪ್ರಶ್ನೆ ಏಳುತ್ತದೆ, ಮತ್ತು ಹೌದೆಂದುಕೊಳ್ಳುವುದು ಮೊದಲಿನದಕ್ಕಿಂತ ಅಪಾಯಕಾರಿ ತಪ್ಪು. ಉತ್ತರ ಕನ್ನಡದಲ್ಲಿ ಸಹಜ ಕಾಡು, ಅಕೇಶಿಯಾ ನೆಡುತೋಪು ಮತ್ತು ಸವಕಲು ನೆಲದ ಜಲಾನಯನಗಳನ್ನು ಹೋಲಿಸಿ ನೋಡಿದಾಗ, ಸವಕಲು ನೆಲದಿಂದ ಒಟ್ಟು ಹರಿದ ನೀರು ಹೆಚ್ಚಿದ್ದರೂ ಅದು ಮಳೆ ಬಿದ್ದೊಡನೆ ಕೊಚ್ಚಿಹೋಗುವ ನೀರಾಗಿತ್ತು. ದನ ತುಳಿದು, ಸೊಪ್ಪು ತರಗು ಹೋಗಿ ಗಟ್ಟಿಯಾದ ಮಣ್ಣಿನಲ್ಲಿ ಇಂಗುವಿಕೆ ಕುಸಿದಿರುತ್ತದೆ. ಸಹಜ ಕಾಡಿನ ಹಳ್ಳಗಳು ಮಳೆಗಾಲದ ನಂತರವೂ ಹೆಚ್ಚು ಕಾಲ ಹರಿದವು. ಅಂದರೆ ಕೃಷಿಕನಿಗೆ ಬೇಕಾದ ಲೆಕ್ಕ ವರ್ಷದ ಒಟ್ಟು ಮೊತ್ತವಲ್ಲ, ಫೆಬ್ರವರಿ–ಮಾರ್ಚಿನ ಹರಿವು. ಕಾಡು ಪ್ರವಾಹವನ್ನು ತಡೆಯುತ್ತದೆ ಎಂಬ ಮಾತೂ ಸಣ್ಣ, ಮಧ್ಯಮ ಮಳೆಗಳಿಗೆ ಒಪ್ಪುತ್ತದೆ. ದಿನಗಟ್ಟಲೆ ಸುರಿದ ಮಳೆಯಲ್ಲಿ ಮಣ್ಣು ನೀರುಂಡು ತೇಗಿದ ಮೇಲೆ ಯಾವ ಕಾಡೂ ಹೆಚ್ಚೇನನ್ನೂ ಹಿಡಿದಿಡಲಾರದು.

ನೀಲಗಿರಿ ಎಲ್ಲಿದ್ದರೂ ನೆಲವನ್ನು ಬರಿದು ಮಾಡುತ್ತದೆ ಎಂಬ ಇನ್ನೊಂದು ಖಚಿತ ನಂಬಿಕೆಯನ್ನೂ ಅಳತೆಗಳು ಭಾಗಶಃ ಮಾತ್ರ ಎತ್ತಿಹಿಡಿಯುತ್ತವೆ. 1980ರ ದಶಕದ ಕೊನೆಯಿಂದ ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆ ಕರ್ನಾಟಕದ ಸಂಶೋಧಕರೊಂದಿಗೆ ಶಿವಮೊಗ್ಗ ಮತ್ತು ಹೊಸಕೋಟೆ ಭಾಗಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಮಣ್ಣಿನ ಆಳ ಸುಮಾರು ಮೂರು ಮೀಟರ್ ಇದ್ದ ಒಣ ಪ್ರದೇಶದಲ್ಲಿ ನೀಲಗಿರಿ ತೋಪು ಬಳಸಿದ ನೀರು ಅಲ್ಲಿನ ಎಲೆಯುದುರುವ ಕಾಡು ಬಳಸಿದ್ದಕ್ಕಿಂತ ಹೆಚ್ಚಿರಲಿಲ್ಲ. ರಾಗಿಯ ಹೊಲಕ್ಕೆ ಹೋಲಿಸಿದರೆ ಮಾತ್ರ ಅದು ಸುಮಾರು ಎರಡರಷ್ಟಿತ್ತು. ಆದರೆ ಆಳವಾದ ಮಣ್ಣಿರುವ ಹೊಸಕೋಟೆಯಲ್ಲಿ ಬೇರುಗಳು ಎಂಟು ಮೀಟರ್‌ವರೆಗೆ ಇಳಿದು, ಬಿದ್ದ ಮಳೆಗಿಂತ ಹೆಚ್ಚು ನೀರನ್ನು, ಅಂದರೆ ಹಿಂದಿನ ವರ್ಷಗಳಲ್ಲಿ ಇಂಗಿ ಕೂತಿದ್ದ ತೇವವನ್ನೂ, ಹೀರಿದ್ದು ಕಂಡುಬಂತು.

ಕರ್ನಾಟಕ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿದ ಮೇಲೆ, ಮರ ಕಿತ್ತ ಮರುವರ್ಷವೇ ಬೋರ್‌ವೆಲ್‌ಗೆ ನೀರು ಬರುತ್ತದೆ ಎಂಬ ನಿರೀಕ್ಷೆ ಹುಟ್ಟಿಕೊಂಡರೆ ಅದೂ ತಪ್ಪು ಕಲ್ಪನೆಯೇ. ಆಳದವರೆಗೆ ಒಣಗಿದ ಮಣ್ಣು ಮೊದಲು ತನ್ನ ಕೊರತೆಯನ್ನು ತುಂಬಿಕೊಳ್ಳಬೇಕು. ಆ ಪದರ ತೊಯ್ದ ಬಳಿಕವಷ್ಟೇ ಮಳೆಯ ನೀರು ಅದನ್ನು ದಾಟಿ ಕೆಳಗಿನ ಬಂಡೆಯ ಬಿರುಕುಗಳಿಗೆ ಇಳಿಯುತ್ತದೆ. ಅದಕ್ಕೆ ಎಷ್ಟು ಮಳೆಗಾಲ ಬೇಕೆಂಬುದು ಅಲ್ಲಲ್ಲಿನ ಮಣ್ಣಿನ ಆಳ, ಮುಂದೆ ಹಾಕುವ ಬೆಳೆ ಮತ್ತು ಅಕ್ಕಪಕ್ಕದವರು ಮೇಲೆತ್ತುವ ನೀರಿನ ಪ್ರಮಾಣದ ಮೇಲೆ ನಿಂತಿದೆ.