ಊರಿನ ಜನಗಣತಿಯಲ್ಲಿ ನಾವೆಲ್ಲಿ?

2011ರ ಜನಗಣತಿಯಂತೆ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1094 ಹೆಂಗಸರು. ದಕ್ಷಿಣ ಕನ್ನಡದಲ್ಲಿ 1020. ಇಡೀ ಕರ್ನಾಟಕದ ಸರಾಸರಿ 973 ಮಾತ್ರ. ಕರಾವಳಿಯ ಗಂಡಸರು ಎಲ್ಲಿ ಹೋದರೆಂದು ಕೊಲ್ಲಿಯಲ್ಲಿರುವ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕೆ ವಲಸೆಯೊಂದೇ ಕಾರಣವಲ್ಲ, ಹೆಂಗಸರ ಆಯುಸ್ಸೂ ಹೆಚ್ಚು. ಆದರೆ ಇದೇ ಜಿಲ್ಲೆಗಳಲ್ಲಿ ಆರು ವರ್ಷದೊಳಗಿನ ಮಕ್ಕಳಲ್ಲಿ ಹುಡುಗರೇ ಹೆಚ್ಚು. ಅಂದರೆ ಗಂಡಸರ ಕೊರತೆ ಕಾಣುವುದು ಬೆಳೆದ ಮೇಲೆ. ಯಾವ ವಯಸ್ಸಿನಲ್ಲಿ ಎಂದು ತಿಳಿಯಬೇಕಾದರೆ ಐದೈದು ವರ್ಷದ ಗುಂಪುಗಳ ಸಿ-14 ಕೋಷ್ಟಕವನ್ನು ನೋಡಬೇಕು.

ಇಂಥ ಕೋಷ್ಟಕಗಳು, ಬ್ರಿಟಿಷರ ಕಾಲದ ಹಳೆಯ ಸಂಪುಟಗಳ ಸಮೇತ, ಈಗ ಉಚಿತವಾಗಿ ಸಿಗುತ್ತವೆ. ಸಿ-16ರಲ್ಲಿ ಮಾತೃಭಾಷೆ, ಡಿ ಸರಣಿಯಲ್ಲಿ ವಲಸೆ. ಕನ್ನಡ ನಾಡಿನ ಬಗ್ಗೆ ಸಂಶೋಧನೆ ಮಾಡುವವರಿಗೆ ಮಾತ್ರ ಸ್ವಲ್ಪ ಹೆಚ್ಚು ಕೆಲಸ. 1951ರ ದಕ್ಷಿಣ ಕನ್ನಡ ಮದ್ರಾಸಿನ ಸಂಪುಟದಲ್ಲಿದೆ, ಧಾರವಾಡ ಬೊಂಬಾಯಿಯದರಲ್ಲಿ, ರಾಯಚೂರು ಹೈದರಾಬಾದಿನದರಲ್ಲಿ. ಮೈಸೂರಿನದು ಬೇರೆ, ಕೊಡಗು ಮದ್ರಾಸಿನ ಜೊತೆಗೇ. ಉಡುಪಿ ಜಿಲ್ಲೆಯಾದದ್ದೇ 1997ರಲ್ಲಿ.

ಕೆಲವು ಅಂಕಿಗಳು ನಿದ್ದೆಗೆಡಿಸುತ್ತವೆ. ಕೊಡವ ಭಾಷೆಯನ್ನು ಮಾತೃಭಾಷೆ ಎಂದವರು 2001ರಲ್ಲಿ 1,66,187. ಹತ್ತು ವರ್ಷದ ನಂತರ 1,13,857. ತುಳುವಿನ ಸಂಖ್ಯೆ ಏರಿದೆ: 18.46 ಲಕ್ಷ. ಕೊಡವರ ಮನೆಗಳಲ್ಲಿ ಮಾತೇ ನಿಂತಿತೋ, ಬರೆಸುವಾಗ ಬೇರೆ ಭಾಷೆಯ ಹೆಸರು ಹೇಳಿದರೋ, ಅದನ್ನು ಅಂಕಿಯಷ್ಟೇ ನೋಡಿ ಹೇಳಲಾಗದು. ಅಲ್ಲಿಂದ ಮುಂದೆ ಸಂಶೋಧಕ ಮನೆಮನೆಗೆ ಹೋಗಲೇಬೇಕು.

ಅಜ್ಜನ ಹೆಸರು ಹುಡುಕುವವರಿಗೆ ನಿರಾಸೆಯೇ. ಅಮೆರಿಕದಲ್ಲಿ 72 ವರ್ಷ ಕಳೆದರೆ ಮನೆವಾರು ಪಟ್ಟಿ ತೆರೆಯುತ್ತಾರೆ. 1950ರದ್ದು 2022ರಲ್ಲಿ ತೆರೆಯಿತು. ನಮ್ಮಲ್ಲಿ 1948ರ ಜನಗಣತಿ ಕಾಯ್ದೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಹೆಸರು ಗೋಪ್ಯವೆಂಬ ನಂಬಿಕೆ ಇದ್ದರೇ ಜನ ನಿಜ ಹೇಳುವುದು, ಹಾಗಾಗಿ ನನಗೆ ಇದು ಸರಿಯೆನಿಸುತ್ತದೆ.

ದೊಡ್ಡ ಕೊರತೆ ಬೇರೆ ಇದೆ. ಎಣಿಕೆದಾರರು ಆ ಮನೆಯಲ್ಲಿ ವಾಸವಿರುವವರನ್ನಷ್ಟೇ ಬರೆದುಕೊಳ್ಳುತ್ತಾರೆ. ದುಬೈಯಲ್ಲೋ ಕುವೈತಿನಲ್ಲೋ ನೆಲೆಸಿರುವ ಮಗನ ಹೆಸರನ್ನು ಅಮ್ಮ ಎಷ್ಟು ಹೇಳಿದರೂ ಲೆಕ್ಕಕ್ಕೆ ಬಾರದು. 2011ರ 4.37 ಕೋಟಿ ಕನ್ನಡ ಮಾತೃಭಾಷಿಕರಲ್ಲಿ ಹೀಗೆ ಹೊರಗಿದ್ದವರಿಲ್ಲ. 2021ರಿಂದ ಮುಂದೂಡಿದ ಗಣತಿಗೆ 2027ರ ಮಾರ್ಚ್ 1 ಆಧಾರ ದಿನ. ಅದರಲ್ಲೂ ಇದೇ ಕಥೆ.

ನಮ್ಮ ಸಂಘಗಳ ಸದಸ್ಯತ್ವ ಅರ್ಜಿಯಲ್ಲಿ ಹುಟ್ಟಿದ ತಾಲೂಕು, ಇಲ್ಲಿಗೆ ಬಂದ ವರ್ಷ, ಮನೆಮಾತು ಎಂಬ ಮೂರು ಸಾಲು ಸೇರಿಸಿ, ಹೆಸರು ಬಿಟ್ಟು ಒಟ್ಟು ಲೆಕ್ಕವನ್ನಷ್ಟೇ ಪ್ರತಿವರ್ಷ ಈ ಸಂಚಿಕೆಯಲ್ಲಿ ಅಚ್ಚು ಹಾಕಬಹುದು. ಅರ್ಧ ಪುಟ ಸಾಕು.