ಅಟ್ಟದಲ್ಲಿ ಸಿಕ್ಕ ಕೋಲು ಯಾತಕ್ಕೆ?

ಹೋದ ಬೇಸಿಗೇಲಿ ಗುಬ್ಬಿ ಹತ್ತಿರದ ನಮ್ಮ ಹಳೇ ಮನೆ ಅಟ್ಟ ಗುಡಿಸುವಾಗ ಕವಲೊಡೆದ ಕೋಲೊಂದು ಸಿಕ್ತು. ಮೊಬೈಲ್‌ನಲ್ಲಿ ಫೋಟೋ ಹಾಕಿ ಹುಡುಕಿದ್ರೆ ಕವಣೆ ಅಂತ ತೋರಿಸ್ತು. ಟೊಮೆಟೊ ಗಿಡಕ್ಕೆ ಊರೋಣ ಅಂತ ಹೊರಟಿದ್ದೆ, ಅಜ್ಜಿ ತಡೆದ್ರು: "ಅದು ಕವೆಗೋಲು ಕಣೋ!" ರಾಗಿ ಹಿಟ್ಟು ತೊಳಸುವಾಗ ಮಡಕೆ ತಿರುಗದಂಗೆ ಅದರಲ್ಲಿ ಅದುಮಿ ಹಿಡೀತಿದ್ರಂತೆ.

ಆಮೇಲೆ ನೋಡಿದ್ರೆ ಗುರುತು ಕೋಲಲ್ಲೇ ಇತ್ತು. ಕವೆಯ ಒಳಬದಿ ಸವೆದು ನುಣುಪಾಗಿದೆ, ತುದಿಗೆ ಮಸಿ ಹಿಡಿದಿದೆ. ನಾನು ಬರೀ ಆಕಾರ ನೋಡಿದ್ದೆ. ಹಳೇ ಸಾಮಾನು ಸಿಕ್ಕ ಕೂಡಲೇ ತೊಳೀಬೇಡಿ. ಎಲ್ಲಿ ಸವೆದಿದೆ, ಎಲ್ಲಿ ಸುಟ್ಟಿದೆ, ಸಂದಿಯಲ್ಲಿ ಏನು ಅಂಟಿದೆ ಅಂತ ಹತ್ತಿರದಿಂದ ಫೋಟೋ ತೆಗೀರಿ. ಆಮೇಲೆ ಹಿರಿಯರ ಕೈಗೇ ಕೊಡಿ. ಹೆಸರು ಮರೆತಿದ್ರೂ ಹಿಡಿದು ತೋರಿಸ್ತಾರೆ.

ಅಳತೆ ಪಾತ್ರೆ ಸಿಕ್ರೆ ರಾಗಿ ತುಂಬಿ ನೋಡಿ. ಚಿಕ್ಕದು 4 ಸಲ ಸುರಿದಾಗ ದೊಡ್ಡದು ತುಂಬಿದ್ರೆ ಪಾವು, ಸೇರು ಇರಬಹುದು. ಸೇರು ಅಂದ್ರೆ ಕೆಜಿ ಅಂದ್ಕೋಬೇಡಿ, ಬಿತ್ತನೆ ಬೀಜವನ್ನೇ ತುಂಬಿ ತೂಕ ಹಾಕಿ ಬರೆದಿಡಿ. ನಾನು ಓದೋಕೆ ಹೋಗಿದ್ದಾಗ ನಮ್ಮನೆ ಸೇರು ಗುಜರಿ ಸೇರಿತು. ಎಕರೆಗೆ ಇಷ್ಟು ಸೇರು ಅಂತ ತಾತ ಹೇಳಿದ್ದ ಲೆಕ್ಕ ಈಗ ಕೆಜಿಗೆ ತರೋಕಾಗ್ತಿಲ್ಲ.