ಸಣ್ಣ ನಾಟಕವನ್ನು ನೋಡುವ ಬಗೆ

ನಮ್ಮ ಮುಗಳಖೋಡದ ಕಡೆಗೆ ನಾಟಕವೆಂದರೆ ರಾತ್ರಿಯ ಊಟ ಮುಗಿದ ಮೇಲೆ ಆರಂಭವಾಗಿ ಕೋಳಿ ಕೂಗುವವರೆಗೆ ನಡೆಯತಕ್ಕದ್ದು ಎಂಬ ಭಾವನೆ ಇಂದಿಗೂ ಬಲವಾಗಿದೆ. ಅದರಲ್ಲಿ ಆಶ್ಚರ್ಯವಿಲ್ಲ. ಸಣ್ಣಾಟ, ದೊಡ್ಡಾಟ, ಶ್ರೀಕೃಷ್ಣ ಪಾರಿಜಾತಗಳನ್ನು ಕಂಡು ಬೆಳೆದ ಸೀಮೆ ಇದು. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಸೆದುಕೊಂಡಿರುವ ಪಾರಿಜಾತವನ್ನು ಕೌಜಲಗಿ ನಿಂಗಮ್ಮನಂಥ ಕಲಾವಿದೆ ಮನೆಮಾತಾಗಿಸಿದ್ದು ಇದೇ ಬೆಳಗಾವಿ ಜಿಲ್ಲೆಯ ನೆಲದಲ್ಲಿ. ಅಥಣಿ, ಕಾಗವಾಡಗಳನ್ನು ದಾಟಿ ಮುಂದೆ ಹೋದರೆ ಸಾಂಗಲಿ. ಅಲ್ಲಿ 1843ರಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾಸ್ವಯಂವರ’ವನ್ನು ಆಡಿಸಿದಾಗ ಅವರಿಗೆ ಪ್ರೇರಣೆಯಾದದ್ದು ಕನ್ನಡ ನಾಡಿನಿಂದ ಹೋಗಿದ್ದ ಆಟದ ಮೇಳವೇ. ಇಂಥ ಪರಂಪರೆಯಲ್ಲಿ ಬೆಳೆದ ಪ್ರೇಕ್ಷಕನೆದುರು ಮುಕ್ಕಾಲು ಗಂಟೆಯಲ್ಲಿ ಮುಗಿಯುವ ಏಕಾಂಕವನ್ನೋ, ಒಬ್ಬರೇ ನಿಂತು ಮಾತಾಡುವ ಸ್ವಗತ ನಾಟಕವನ್ನೋ ತಂದಿಟ್ಟರೆ, ‘ಮುಗೀತೇನು, ಇಷ್ಟ?’ ಎಂದು ಆತ ಕೇಳುವುದು ಸಹಜ. ಆ ಪ್ರಶ್ನೆಗೆ ನನಗೆ ತೋಚಿದ ಉತ್ತರವನ್ನು ಈ ಹೊತ್ತು ನಿಮ್ಮೆದುರು ಇಡಬಯಸುತ್ತೇನೆ.

ಸಣ್ಣ ನಾಟಕವೆಂದರೆ ದೊಡ್ಡ ನಾಟಕದ ಒಂದು ತುಂಡು ಎಂಬ ತಿಳುವಳಿಕೆಯನ್ನು ನಾವು ಮೊದಲು ಬಿಡಬೇಕು. ಕಾಲೇಜುಗಳ ಸ್ನೇಹಸಮ್ಮೇಳನದಲ್ಲಿ ಬಹುಮಾನ ವಿತರಣೆಗೂ ಆಭಾರ ಮನ್ನಣೆಗೂ ನಡುವೆ ಉಳಿದ ವೇಳೆಯನ್ನು ತುಂಬಲು ಏಕಾಂಕವನ್ನು ಬಳಸುತ್ತ ಬಂದುದರಿಂದ ಈ ತಿಳುವಳಿಕೆ ಬೇರೂರಿದೆ. ಸಣ್ಣಕಥೆಯು ಕಾದಂಬರಿಯ ಒಂದು ಅಧ್ಯಾಯವಲ್ಲ ಎಂಬುದನ್ನು ನಾವೆಲ್ಲ ಒಪ್ಪಿದ್ದೇವೆ. ಏಕಾಂಕದ ವಿಷಯದಲ್ಲಿ ಮಾತ್ರ ಅದೇ ನ್ಯಾಯವನ್ನು ಪಾಲಿಸಲು ಹಿಂಜರಿಯುತ್ತೇವೆ. ದೊಡ್ಡ ನಾಟಕಕ್ಕೆ ಮನುಷ್ಯನು ಬದಲಾಗುವುದನ್ನು ತೋರಿಸುವಷ್ಟು ವೇಳೆ ಇದೆ. ಸಣ್ಣ ನಾಟಕಕ್ಕೆ ಆ ವೇಳೆ ಇಲ್ಲ. ಅವನು ಈಗಾಗಲೇ ಏನಾಗಿದ್ದಾನೆ ಎಂಬುದನ್ನು ಬಯಲಿಗೆ ತರುವಷ್ಟೇ ಅವಕಾಶ ಅದಕ್ಕುಂಟು. ಆದುದರಿಂದ ‘ಮುಂದೇನಾಯಿತು?’ ಎಂದು ಕೇಳುವುದಕ್ಕಿಂತ ‘ಇಲ್ಲಿ ಏನು ಹೊರಬಿತ್ತು?’ ಎಂದು ಕೇಳುವ ಪ್ರೇಕ್ಷಕನಿಗೆ ಅದು ಹೆಚ್ಚು ಒಲಿಯುತ್ತದೆ.

ಈ ಪ್ರಕಾರ ನಮಗೆ ಹೊರಗಿನಿಂದ ಬಂದ ವಸ್ತುವೂ ಅಲ್ಲ. ಭರತನ ನಾಟ್ಯಶಾಸ್ತ್ರ ಹೇಳುವ ಹತ್ತು ರೂಪಕಗಳಲ್ಲಿ ‘ಭಾಣ’ವೂ ಒಂದು. ಅದರಲ್ಲಿ ರಂಗದ ಮೇಲೆ ಬರುವವನು ಒಬ್ಬನೇ ನಟ. ಕಾಣದ ವ್ಯಕ್ತಿಯ ಮಾತನ್ನು ಕೇಳಿಸಿಕೊಂಡಂತೆ ನಟಿಸಿ, ‘ಏನೆಂದೆ?’ ಎಂದು ಅದನ್ನು ತಾನೇ ಆಡಿ ತೋರಿಸಿ, ಉತ್ತರವನ್ನೂ ಕೊಡುತ್ತಾನೆ. ಇದಕ್ಕೆ ಆಕಾಶಭಾಷಿತವೆಂದು ಹೆಸರು. ‘ಚತುರ್ಭಾಣೀ’ ಎಂಬ ಸಂಕಲನದ ನಾಲ್ಕು ಭಾಣಗಳಲ್ಲಿ ಇಡೀ ಪೇಟೆ ಬೀದಿಗಳು ಒಬ್ಬ ವಿಟನ ಬಾಯಿಯಿಂದಲೇ ಎದ್ದು ಬರುತ್ತವೆ. ನಮ್ಮ ದೊಡ್ಡಾಟದಲ್ಲಿ ಸಾರಥಿಯು ಪಾತ್ರವನ್ನು ತಡೆದು ‘ತಾವು ದಾರು?’ ಎಂದು ಕೇಳುತ್ತಾನೆ. ಪಾತ್ರ ತನ್ನನ್ನು ತಾನೇ ಬಣ್ಣಿಸಿಕೊಳ್ಳುತ್ತದೆ. ಆ ಸಾರಥಿಯನ್ನು ತೆಗೆದು ಅವನ ಸ್ಥಾನದಲ್ಲಿ ನಮ್ಮನ್ನು ಕೂಡ್ರಿಸಿದರೆ ಇಂದಿನ ಸ್ವಗತ ನಾಟಕ ಸಿದ್ಧವಾದಂತೆ.

ಹೊಸಗನ್ನಡದಲ್ಲಿ ಈ ದಾರಿಯನ್ನು ಹಿರಿಯರು ಹದಗೊಳಿಸಿದ್ದಾರೆ. ಕೈಲಾಸಂ, ಶ್ರೀರಂಗರು ಏಕಾಂಕಕ್ಕೆ ಮನೆಯೊಳಗಿನ ಮಾತನ್ನು ತಂದರು. 1928ರಲ್ಲಿ ಪ್ರಕಟವಾದ ಕುವೆಂಪು ಅವರ ‘ಜಲಗಾರ’ದಲ್ಲಿ ಶಿವನು ಗುಡಿಯನ್ನು ಬಿಟ್ಟು ಬೀದಿ ಗುಡಿಸುವವನ ಬಳಿಗೆ, ತಾನೂ ಒಬ್ಬ ಜಲಗಾರನಾಗಿ ಬರುತ್ತಾನೆ. ಬೇಂದ್ರೆಯವರ ‘ಹುಚ್ಚಾಟಗಳು’ ಸಂಕಲನದ ‘ಸಾಯೋ ಆಟ’ ನಗುನಗುತ್ತಲೇ ಅವಿವೇಕದ ಆಳಿಕೆಯನ್ನು ಶೂಲದ ಬುಡಕ್ಕೆ ಒಯ್ಯುತ್ತದೆ. ಅವರ ಮುಂದಿನ ತಲೆಮಾರಿನಲ್ಲಿ ಲಂಕೇಶರ ‘ತೆರೆಗಳು’, ಚಂದ್ರಶೇಖರ ಪಾಟೀಲರ ‘ಕೊಡೆಗಳು’ ಮತ್ತು ‘ಅಪ್ಪ’, ಬೆಳಗಾವಿಯಲ್ಲಿ ನೆಲೆಸಿದ್ದ ಚಂದ್ರಕಾಂತ ಕುಸನೂರರ ‘ದಿಂಡಿ’ ಮುಂತಾದವು ಅಸಂಗತದ ಬಗೆಯನ್ನು ಕನ್ನಡಕ್ಕೆ ಪರಿಚಯಿಸಿದವು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯು ಮಾತಿನಿಂದಲೇ ರಂಗವನ್ನು ಕಟ್ಟಿಕೊಳ್ಳುವ ಅಭ್ಯಾಸವನ್ನು ನಮ್ಮ ಕಿವಿಗಳಿಗೆ ಕಲಿಸಿತು.

ಇನ್ನು ಆಸ್ವಾದನೆಯ ಮಾತು. ತರಗತಿಯಲ್ಲಿ ನಾನು ವಿದ್ಯಾರ್ಥಿಗಳಿಗೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲು ಹೇಳುತ್ತಿದ್ದೆ. ಅವನ್ನೇ ಇಲ್ಲಿಯೂ ಹೇಳುತ್ತೇನೆ.

ಮೊದಲನೆಯದು, ನಾಟಕ ಎಲ್ಲಿ ಆರಂಭವಾಗುತ್ತದೆ? ಒಳ್ಳೆಯ ಸಣ್ಣ ನಾಟಕ ಬಹುಮಟ್ಟಿಗೆ ಕೊನೆಯ ಹತ್ತಿರವೇ ಆರಂಭವಾಗುತ್ತದೆ. ಭಾಸನ ‘ಊರುಭಂಗ’ವನ್ನು ನೋಡಿರಿ. ಗದಾಯುದ್ಧವನ್ನು ಸೈನಿಕರ ವರ್ಣನೆಯಲ್ಲಿಯೇ ಮುಗಿಸಿ, ತೊಡೆ ಮುರಿದ ದುರ್ಯೋಧನನನ್ನು ಕವಿ ನಮ್ಮೆದುರು ತರುತ್ತಾನೆ. ಗೆಲ್ಲುವ ಸೋಲುವ ಮಾತು ಆಗಲೇ ಮುಗಿದಿದೆ. ಉಳಿದದ್ದು ಆ ಮನುಷ್ಯ. ಗಿರೀಶ ಕಾರ್ನಾಡರ ‘ಹೂವು’ ಸ್ವಗತ ನಾಟಕವೂ ಹಾಗೆಯೇ. ಚಿತ್ರದುರ್ಗ ಸೀಮೆಯ ಐತಿಹ್ಯವೊಂದು ಅದರ ಬೀಜ. ಶಿವಲಿಂಗವನ್ನು ಹೂವಿನಿಂದ ಸಿಂಗರಿಸುವುದರಲ್ಲಿ ನಿಪುಣನಾದ ಪೂಜಾರಿಯು ಒಬ್ಬ ಗಣಿಕೆಯಲ್ಲಿ ಅನುರಕ್ತನಾಗುತ್ತಾನೆ. ದೇವರ ಹೂವುಗಳಿಂದಲೇ ಅವಳನ್ನೂ ಅಲಂಕರಿಸುತ್ತಾನೆ. ಪ್ರಸಾದದ ಹೂವಿನಲ್ಲಿ ಒಂದು ಕೂದಲು ಸಿಕ್ಕಾಗ, ಅದು ದೇವರದೇ ಎಂದುಬಿಡುತ್ತಾನೆ. ಆ ಸುಳ್ಳನ್ನು ದೇವರು ನಿಜ ಮಾಡಿ ಅವನನ್ನು ಉಳಿಸುತ್ತಾನೆ. ಆದರೆ ಆ ಉಪಕಾರವನ್ನು ಪೂಜಾರಿಗೆ ತಾಳಿಕೊಳ್ಳಲು ಆಗುವುದಿಲ್ಲ. ಅವನು ಈ ಕಥೆಯನ್ನು ಹೇಳುವುದು ಜೀವನದ ಕೊನೆಯ ಅಂಚಿನಲ್ಲಿ ನಿಂತು. ಆದುದರಿಂದ ಪ್ರತಿಯೊಂದು ಮಾತಿಗೂ ಸಾಕ್ಷಿಯ ತೂಕ ಬರುತ್ತದೆ.

ಎರಡನೆಯದು, ಈ ಮಾತು ಯಾರಿಗೆ? ಸ್ವಗತವೆಂದ ಮಾತ್ರಕ್ಕೆ ಅದು ಗಾಳಿಗೆ ಆಡಿದ ಮಾತಲ್ಲ. ನಿಪ್ಪಾಣಿಯ ತಂಬಾಕಿನ ಪೇಟೆಯನ್ನು ಬಲ್ಲವರಿಗೆ ಚೆಕಾಫನ ಒಂದು ಕಿರುನಾಟಕ ವಿಶೇಷವಾಗಿ ರುಚಿಸೀತು. ತಂಬಾಕಿನ ಕೆಡುಕುಗಳನ್ನು ಕುರಿತು ಒಬ್ಬಾತ ಭಾಷಣ ಮಾಡಲು ಬರುತ್ತಾನೆ. 1886ರಲ್ಲಿ ಬರೆದ ಇದನ್ನು ಚೆಕಾಫ್ ಮುಂದೆ ಹಲವು ಸಲ ತಿದ್ದಿದ. ಭಾಷಣ ಮಾಡೆಂದು ಅಪ್ಪಣೆ ಕೊಟ್ಟವಳು ಹೆಂಡತಿ. ಭಾಷಣಕಾರನು ತಾನೇ ಹೊಗೆಸೊಪ್ಪಿನ ಚಟದವನು. ನಾಲ್ಕು ಮಾತಾಡುವುದರೊಳಗೆ ತಂಬಾಕು ಮರೆಗೆ ಸರಿದು, ಮೂವತ್ತಕ್ಕೂ ಹೆಚ್ಚು ವರ್ಷಗಳ ಸಂಸಾರದ ಸಂಕಟ ಹೊರಕ್ಕೆ ಬರುತ್ತದೆ. ಎಲ್ಲವನ್ನೂ ಬಿಟ್ಟು ಓಡಿಹೋಗಬೇಕೆಂದು ಹಲುಬುತ್ತಾನೆ. ಅಷ್ಟರಲ್ಲಿ ಮರೆಯಲ್ಲಿ ಹೆಂಡತಿ ಬಂದು ನಿಂತದ್ದು ಕಾಣುತ್ತದೆ. ಒಮ್ಮೆಲೇ ಗಂಭೀರನಾಗಿ ಭಾಷಣವನ್ನು ಮುಗಿಸುತ್ತಾನೆ. ನಾವು ನಕ್ಕದ್ದು ಯಾರನ್ನು ಕಂಡು? ಅವನು ಸಭೆಗೆ ಆಡಿದ ಮಾತು ಬೇರೆ, ಬೇಡಿದ ಕರುಣೆ ಬೇರೆ, ಅಂಜಿದ ಕಿವಿ ಬೇರೆ. ಈ ಮೂರೂ ಕಿವಿಗಳನ್ನು ಗುರುತಿಸಿದವನಿಗೆ ನಾಟಕ ಪೂರ್ಣವಾಗಿ ದಕ್ಕುತ್ತದೆ.

ಮೂರನೆಯದು, ರಂಗಕ್ಕೆ ಬಾರದವರು ಯಾರು? ಪಾತ್ರಗಳು ಕಡಿಮೆಯಾದಷ್ಟೂ ಗೈರುಹಾಜರಾದವರ ಭಾರ ಹೆಚ್ಚುತ್ತದೆ. ಬೆಂಗಳೂರಿನ ರಂಗಶಂಕರದಲ್ಲಿ 2005ರಲ್ಲಿ ಅರುಂಧತಿ ನಾಗ್ ಅಭಿನಯಿಸಿದ ಕಾರ್ನಾಡರ ‘ಒಡಕಲು ಬಿಂಬ’ ಇದಕ್ಕೆ ಒಳ್ಳೆಯ ಉದಾಹರಣೆ. ಮಂಜುಳಾ ನಾಯಕ ಕನ್ನಡದ ಕಥೆಗಾರ್ತಿ. ಇಂಗ್ಲಿಷಿನಲ್ಲಿ ಒಂದು ಕಾದಂಬರಿ ಪ್ರಕಟಿಸಿ ಜಗತ್ಪ್ರಸಿದ್ಧಳಾಗಿದ್ದಾಳೆ. ದೂರದರ್ಶನದ ಸ್ಟುಡಿಯೋದಲ್ಲಿ ತನ್ನ ಮಾತು ಮುಗಿಸಿ ಹೊರಡುವಾಗ, ಪರದೆಯ ಮೇಲಿನ ಅವಳದೇ ಬಿಂಬ ಅವಳನ್ನು ಪ್ರಶ್ನಿಸಲು ತೊಡಗುತ್ತದೆ. ಕನ್ನಡದವಳು ಇಂಗ್ಲಿಷಿನಲ್ಲಿ ಏಕೆ ಬರೆದೆ ಎಂಬ ಚರ್ಚೆಯೆಂದು ನಾವು ಕೇಳುತ್ತಿದ್ದುದು, ಬರಬರುತ್ತ ಮನೆಯೊಳಗಿನ ತನಿಖೆಯಾಗುತ್ತದೆ. ನಡೆಯಲಾರದೆ ಗಾಲಿಕುರ್ಚಿಯಲ್ಲಿದ್ದು ತೀರಿಕೊಂಡ ತಂಗಿ ಮಾಲಿನಿಯ ಬರವಣಿಗೆಯೇ ಅದು ಎಂಬುದು ಹೊರಬೀಳುತ್ತದೆ. ಮಾಲಿನಿ ರಂಗದ ಮೇಲೆ ಬರುವುದೇ ಇಲ್ಲ. ಆದರೆ ನಾಟಕ ಮುಗಿದ ಮೇಲೆ ನಮ್ಮೊಡನೆ ಮನೆಗೆ ಬರುವವಳು ಅವಳೇ.

ಈ ಮೂರು ಪ್ರಶ್ನೆಗಳ ಹಿಂದೆ ಒಂದು ದೊಡ್ಡ ಮಾತಿದೆ. ಒಬ್ಬರ ಮಾತು ಕೇಳಿ ನ್ಯಾಯ ಹೇಳಬಾರದೆಂಬುದು ನಮ್ಮ ಹಿರಿಯರ ತಿಳುವಳಿಕೆ. ಸ್ವಗತ ನಾಟಕವು ಒಬ್ಬರ ಮಾತನ್ನೇ ಕೇಳಿಸಿ ನಮ್ಮನ್ನು ನ್ಯಾಯಕ್ಕೆ ಕೂಡ್ರಿಸುತ್ತದೆ. ‘ಹೂವು’ ನಾಟಕದ ಪೂಜಾರಿಯು ತನ್ನ ಪಾಪವನ್ನೂ ಪಶ್ಚಾತ್ತಾಪವನ್ನೂ ಸೊಗಸಾಗಿ ಹೇಳುತ್ತಾನೆ. ನಾವು ಮರುಗುತ್ತೇವೆ. ಆದರೆ ಮನೆಯಲ್ಲಿ ಮೌನವಾಗಿ ಕುಳಿತ ಅವನ ಹೆಂಡತಿ ಏನು ಹೇಳಿಯಾಳು? ಸೊಗಸಾದ ಮಾತೆಲ್ಲ ನಿಜವಲ್ಲ, ತೊದಲಿದ್ದೆಲ್ಲ ಸುಳ್ಳಲ್ಲ ಎಂಬ ಎಚ್ಚರ ನಾಟಕಗೃಹದಲ್ಲಿ ಹುಟ್ಟಿದರೆ, ಅದು ಊರಿನ ಕಟ್ಟೆಯ ಮೇಲೂ ಮನೆಯ ಪಡಸಾಲೆಯಲ್ಲೂ ಬೆಲೆಯುಳ್ಳದ್ದು. ಸಣ್ಣ ನಾಟಕವನ್ನು ಹೊತ್ತು ಕಳೆಯುವ ಸಾಮಗ್ರಿಯೆಂದು ತಳ್ಳಿಹಾಕಿದರೆ ನಾವು ಕಳೆದುಕೊಳ್ಳುವುದು ಈ ಎಚ್ಚರವನ್ನು.

ಭಾಷೆಯ ಬಗೆಗೂ ಎರಡು ಮಾತು ಅಗತ್ಯ. ಒಬ್ಬನೇ ನಟ ಹಲವರನ್ನು ಆಡಿ ತೋರಿಸುವುದು ಒಂದು ಬಗೆ. ಮರಾಠಿಯಲ್ಲಿ ಪು.ಲ. ದೇಶಪಾಂಡೆಯವರು ‘ಬಟಾಟ್ಯಾಚೀ ಚಾಳ’ದಲ್ಲಿ ಒಂದು ಇಡೀ ವಠಾರವನ್ನು ಒಬ್ಬರೇ ನಿಂತು ಕಟ್ಟಿದರು. ಕನ್ನಡದಲ್ಲಿ ಸಿ.ಆರ್. ಸಿಂಹ ಅವರು ‘ಟಿಪಿಕಲ್ ಟಿ.ಪಿ. ಕೈಲಾಸಂ’ ಪ್ರದರ್ಶನದಲ್ಲಿ ಕೈಲಾಸಂ ಅವರನ್ನೇ ರಂಗಕ್ಕೆ ತಂದರು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ ಕಾದಂಬರಿಯನ್ನು ಲಕ್ಷ್ಮೀ ಚಂದ್ರಶೇಖರ್ ಅವರು ಏಕವ್ಯಕ್ತಿ ಪ್ರದರ್ಶನವಾಗಿಸಿದರು. ನಮ್ಮ ಸೀಮೆಯ ಮಾತು ನಗೆಗಾಗಿ ಮಾತ್ರವಲ್ಲ, ದುರಂತಕ್ಕೂ ಸಲ್ಲುತ್ತದೆ ಎಂಬುದನ್ನು ಕಂಬಾರರ ಬರವಣಿಗೆ ತೋರಿಸಿಕೊಟ್ಟಿದೆ. ಹೀಗಿದ್ದೂ ನಮ್ಮ ಹುಡುಗರು ರಂಗವೇರಿದೊಡನೆ ಪುಸ್ತಕದ ಕನ್ನಡಕ್ಕೆ ಹೊರಳುವುದನ್ನು ಕಾಣುತ್ತೇನೆ. ಚಿಕ್ಕೋಡಿ ರಾಯಬಾಗಗಳ ಮಾತಿನಲ್ಲಿ ಕನ್ನಡದೊಡನೆ ಮರಾಠಿಯೂ ಬೆರೆತಿದೆ. ಸಂತೋಷಕ್ಕೆ ಯಾವ ನುಡಿ, ಜಗಳಕ್ಕೆ ಯಾವ ನುಡಿ, ಸಾಲ ಕೇಳುವಾಗ ಯಾವ ನುಡಿ ಎಂಬುದನ್ನು ಗಮನಿಸಿದವನಿಗೆ ಅರ್ಧ ನಾಟಕ ಸಿಕ್ಕಿದಂತೆಯೇ.

ಊರಿನಲ್ಲಿ ಇದನ್ನು ಮಾಡುವುದು ಕಷ್ಟವೂ ಅಲ್ಲ. ಜಾತ್ರೆಯ ನಾಟಕಕ್ಕೆ ರಂಗಸಜ್ಜಿಕೆ, ಧ್ವನಿವರ್ಧಕ, ಸಂಭಾವನೆ ಕೊಟ್ಟು ಕರೆಸಬೇಕಾದ ಪಾತ್ರಧಾರಿಣಿಯರು ಎಂದು ಖರ್ಚು ಬೆಳೆಯುತ್ತದೆ. ಏಕಾಂಕಕ್ಕೆ ಶಾಲೆಯ ಒಂದು ಕೋಣೆ, ಎರಡು ಕುರ್ಚಿ ಸಾಕು. ನಾಲ್ಕು ಜನ ಕೂಡಿ ಗಟ್ಟಿಯಾಗಿ ಓದಿದರೂ ಸಾಕು. ಓದುವಾಗ ಆವರಣದೊಳಗಿನ ‘ಮೌನ’ ಎಂಬ ಸೂಚನೆಯನ್ನು ಹಾರಿಸಿ ಹೋಗಬಾರದು. ಅಷ್ಟು ಹೊತ್ತು ನಿಲ್ಲಬೇಕು. ಮುಗಿದ ಮೇಲೆ ಚಪ್ಪಾಳೆಗಿಂತ ಮೊದಲು ಆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಕಾರ್ನಾಡರು 2019ರಲ್ಲಿ, ಚಂದ್ರಶೇಖರ ಪಾಟೀಲರು 2022ರಲ್ಲಿ ನಮ್ಮನ್ನು ಅಗಲಿದರು. ಅವರ ಸಣ್ಣ ನಾಟಕಗಳು ಗ್ರಂಥಾಲಯದ ಕಪಾಟಿನಲ್ಲಿ ಉಳಿಯಬೇಕೇ, ನಮ್ಮ ಬಾಯಲ್ಲಿ ಉಳಿಯಬೇಕೇ ಎಂಬುದು ಓದುಗರಿಗೆ ಬಿಟ್ಟದ್ದು. ಇನ್ನೂ ಬರೆಯದೆ ಉಳಿದವೂ ಇವೆ. ನಿಪ್ಪಾಣಿಯಲ್ಲಿ ದಿನವಿಡೀ ಬೀಡಿ ಕಟ್ಟಿ, ಸಂಜೆ ಕಟ್ಟುಗಳನ್ನು ಎಣಿಸಿ ಒಪ್ಪಿಸುವ ಹೆಣ್ಣುಮಗಳು ಮುಕ್ಕಾಲು ಗಂಟೆ ತಡೆಯಿಲ್ಲದೆ ಮಾತಾಡಿದರೆ ಏನು ಹೇಳಿಯಾಳು? ಅದನ್ನು ಬರೆಯುವವರು ಈ ಸೀಮೆಯಲ್ಲಿಯೇ ಇರಬೇಕು. ಕೇಳುವ ಕಿವಿಗಳನ್ನು ಸಿದ್ಧಪಡಿಸುವ ಕೆಲಸ ಮಾತ್ರ ನಮ್ಮ ನಿಮ್ಮದು.